ಹಿಂಡು ಹಾರಿದರೆ ಲೆಕ್ಕ ಹಿಡಿಯುವ ಬಗೆ

ತುಮಕೂರಿನ ಮೈದಾಳ ಕೆರೆಯ ಚಳಿಗಾಲದ ಹಕ್ಕಿ ಗಣತಿಗೆ ಮೊದಲ ಸಲ ಹೊರಟಿರುವ ತಾವು, ದೊಡ್ಡ ಹಿಂಡು ಎದ್ದು ಹಾರಿದರೆ ಎಣಿಸುವುದು ಹೇಗೆಂದು ಕೇಳಿದ್ದೀರಿ. ಹಿಂಡು ಕೂತಿರುವಾಗಲೇ ಒಂದು ಅಂಚಿನಿಂದ ಹತ್ತು ಹಕ್ಕಿಗಳನ್ನು ಎಣಿಸಿ, ಅವು ಆವರಿಸಿದಷ್ಟು ಜಾಗವನ್ನು ಕಣ್ಣಳತೆಯಲ್ಲಿ ಹಿಡಿದು, ಅಂಥ ಗುಂಪುಗಳು ಎಷ್ಟಿವೆಯೆಂದು ಇನ್ನೊಂದು ಅಂಚಿನವರೆಗೆ ನೋಡುತ್ತಾ ಹೋಗಿ. ಹಾರಿಬಿಟ್ಟರೆ ಹೋದ ದಿಕ್ಕನ್ನೂ ಸಮಯವನ್ನೂ ಬರೆದಿಟ್ಟು, ಎದುರು ದಡದಲ್ಲಿ ಎಣಿಸುತ್ತಿರುವವರ ಪಟ್ಟಿಯೊಂದಿಗೆ ತಾಳೆ ನೋಡಿ. ಹಣೆಯ ಬಿಳಿ ಗುರುತಿನಿಂದ ನಾಮದ ಕೋಳಿ ಎಂಬ ಕಪ್ಪು ನೀರುಹಕ್ಕಿ ದೂರಕ್ಕೇ ತಿಳಿಯುತ್ತದೆ. ನಿಜವಾದ ತಲೆನೋವು ಗುಳುಮುಳುಕ ಎಂಬ ಪುಟ್ಟ ನೀರುಹಕ್ಕಿಯದು. ಇಲ್ಲಿ ಮುಳುಗಿ ಅಲ್ಲೆಲ್ಲೋ ಏಳುವ ಅದನ್ನು ಎರಡು ಮೂರು ಸಲ ಎಣಿಸಿ, ಒಮ್ಮೆಗೆ ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನೇ ಬರೆಯುವುದು ಮೇಲು. ಗುರುತು ಹತ್ತದ ಬಾತಿಗೆ ಊಹೆಯ ಹೆಸರು ಕೊಡದೆ, ‘ಗುರುತಿಸಲಾಗದ ಬಾತು’ ಎಂದೇ ನಮೂದಿಸಿ.