ಮನೆಯ ಹಣ್ಣಿನ ಐಸ್ ಕ್ಯಾಂಡಿಯಲ್ಲಿ ಸಬ್ಬಕ್ಕಿ ಕಲ್ಲಾಗದಂತೆ ನೋಡಿಕೊಳ್ಳುವುದು ಹೇಗೆ?
ಬೆಂದ ಸಬ್ಬಕ್ಕಿಯ ಪಿಷ್ಟವು ತಂಪಿನಲ್ಲಿ ಮತ್ತೆ ಬಿಗಿದುಕೊಳ್ಳುತ್ತದೆ, ಅದರೊಳಗಿನ ನೀರೂ ಹೆಪ್ಪುಗಟ್ಟುತ್ತದೆ. ಆದ್ದರಿಂದ ಕಾಳಿನ ನಡುವಿನ ಬಿಳಿ ಚುಕ್ಕೆ ಮಾಯವಾಗುವವರೆಗೆ ಬೇಯಿಸಿ, ತಣ್ಣೀರಿನಲ್ಲಿ ತೊಳೆದು, ಒಂದು ಲೋಟ ನೀರಿಗೆ ಒಂದೂವರೆ ಲೋಟ ಸಕ್ಕರೆ ಹಾಕಿ ಕಾಯಿಸಿ ಆರಿಸಿದ ಪಾಕದಲ್ಲಿ ಒಂದೆರಡು ಗಂಟೆ ನೆನೆಸಿಡಬೇಕು. ಸಕ್ಕರೆಯು ನೀರು ಹೆಪ್ಪುಗಟ್ಟುವ ಉಷ್ಣಾಂಶವನ್ನು ತಗ್ಗಿಸುವುದರಿಂದ ಕಾಳು ಬಹುಮಟ್ಟಿಗೆ ಮೆತ್ತಗೇ ಉಳಿಯುತ್ತದೆ.

ಇಷ್ಟು ತಾಳ್ಮೆಯಿಲ್ಲದವರಿಗೆ ಟೂಟಿ ಫ್ರೂಟಿ ಅಥವಾ ಸಣ್ಣಗೆ ಹೆಚ್ಚಿದ ಖರ್ಜೂರವೇ ಮೇಲು, ಏಕೆಂದರೆ ಅವುಗಳಲ್ಲಿ ಸಕ್ಕರೆ ಮೊದಲೇ ತುಂಬಿರುತ್ತದೆ. ಹಿರಿಯೂರು, ಹೊಸದುರ್ಗದ ಕಡೆಯಿಂದ ಬರುವ ದಾಳಿಂಬೆ ನೋಡಲು ಚೆಂದ, ಆದರೆ ಅದು ಸಬ್ಬಕ್ಕಿಯಂತೆ ಮೆತ್ತಗೆ ಅಗಿಯುವ ಪದಾರ್ಥವಲ್ಲ, ಬೀಜ ಕಟಕಟ ಎನ್ನುತ್ತದೆ.

ಇನ್ನು ಕ್ಯಾಂಡಿಗೆ, ಎರಡು ಲೋಟ ಮಾವಿನ ತಿರುಳಿಗೆ ಅರ್ಧ ಲೋಟ ನೀರು, ನಾಲ್ಕು ಚಮಚ ಸಕ್ಕರೆ, ಚಿಟಿಕೆ ಉಪ್ಪು ಮತ್ತು ಸ್ವಲ್ಪ ನಿಂಬೆರಸ ಸೇರಿಸಿ ರುಬ್ಬಿ. ತಣ್ಣಗಿದ್ದಾಗ ಸಿಹಿ ಮಂಕಾಗುವುದರಿಂದ ಮಿಶ್ರಣವು ನಾಲಿಗೆಗೆ ತುಸು ಅತಿಯೆನಿಸಬೇಕು. ಅಚ್ಚಿನಲ್ಲಿ, ಇಲ್ಲವೇ ಸಣ್ಣ ಸ್ಟೀಲ್ ಲೋಟದಲ್ಲಿ ಹಾಕಿ ಫ್ರೀಜರಿನಲ್ಲಿಟ್ಟು, ಒಂದೂವರೆ ಗಂಟೆಯ ಬಳಿಕ ಅದು ಗಟ್ಟಿ ಗಂಜಿಯಂತಾದಾಗ ಸಬ್ಬಕ್ಕಿ ಅಥವಾ ಬೇರೆ ತುಣುಕುಗಳನ್ನು ಬೆರೆಸಿ ಕಡ್ಡಿ ಚುಚ್ಚಿ. ಮೊದಲೇ ಹಾಕಿದರೆ ಎಲ್ಲವೂ ತಳ ಸೇರುತ್ತವೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಕರೆಂಟ್ ಹೋದರೆ ಫ್ರೀಜರಿನ ಬಾಗಿಲನ್ನು ಮಾತ್ರ ತೆರೆಯಬೇಡಿ.