ಸೊಂಟ ಹಿಡಿದರೆ, ಬೆನ್ನು ಡೊಂಕಾದರೆ

ಪ್ರಶ್ನೆ: ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಎತ್ತುವಾಗ ನಮ್ಮ ಯಜಮಾನರ ಸೊಂಟ ಗಕ್ಕನೆ ಹಿಡಿದುಕೊಂಡಿತು. ಮೂರು ದಿನದಿಂದ ಮಲಗಿಯೇ ಇದ್ದಾರೆ. 12 ವರ್ಷದ ಮಗಳಿಗೆ ಒಂದು ಭುಜ ಮೇಲಿದೆ. ಶಾಲೆ ಬ್ಯಾಗಿನ ಭಾರಕ್ಕೆ ಹೀಗಾಗಿದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಯಜಮಾನರನ್ನು ಎಬ್ಬಿಸಿ. ಮಲಗಿದಷ್ಟೂ ಸ್ನಾಯು ಬಿಗಿಯುತ್ತದೆ. ನೆಟ್ಟಗೆ ಏಳಬಾರದು: ಮಗ್ಗುಲಾಗಿ, ಮಂಡಿ ಮಡಚಿ, ಕಾಲು ಮಂಚದಿಂದ ಇಳಿಬಿಟ್ಟು, ಕೈ ಊರಿ ಏಳಬೇಕು. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಶಾಖ ಕೊಡಿ. ಮನೆಯೊಳಗೇ ಐದೈದು ನಿಮಿಷ, ದಿನಕ್ಕೆ ನಾಲ್ಕಾರು ಸಲ ನಡೆಯಲಿ. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಕೊಡಿ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ ಅದು ಅಪಾಯ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ, ದಯವಿಟ್ಟು ಬೇಡ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಜ್ವರವಿದ್ದರೂ ಅಂದೇ ತೋರಿಸಿ.

ಬೆನ್ನು ಡೊಂಕಾದರೂ ಒಂದು ಭುಜ ಮೇಲೆ ಕಾಣಬಹುದು. ಮಗಳ ಬೆನ್ನು ಡೊಂಕಾಗಿದ್ದರೆ ಅದಕ್ಕೆ ಬ್ಯಾಗು ಕಾರಣವಲ್ಲ. ಬೆನ್ನು ಕಾಣುವಂತೆ ನಿಲ್ಲಿಸಿ, ಮಂಡಿ ಮಡಚದೆ, ಅಂಗೈ ಜೋಡಿಸಿ ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡಿ. ಒಂದು ಬದಿಯ ಪಕ್ಕೆಲುಬು ಉಬ್ಬಿದ್ದರೆ ಮೂಳೆ ವೈದ್ಯರಲ್ಲಿ ನಿಂತ ಭಂಗಿಯ ಎಕ್ಸ್‌ರೇ ತೆಗೆಸಿ. ಅದರಲ್ಲಿ ಬೆನ್ನುಮೂಳೆಯ ಡೊಂಕು 10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವ ತೊಂದರೆ. ಬೆಳೆಯುವ ವಯಸ್ಸಿನಲ್ಲಿ 25 ದಾಟಿದರೆ ಸಾಮಾನ್ಯವಾಗಿ ಬೆಲ್ಟಿನಂಥ ಬ್ರೇಸ್ ಹಾಕುತ್ತಾರೆ. ಮೈನೆರೆಯುವ ಆಸುಪಾಸಿನಲ್ಲೇ ಡೊಂಕು ಬೇಗ ಹೆಚ್ಚುವುದರಿಂದ ಬೇಸಿಗೆ ರಜೆಗೆಂದು ಕಾಯಬೇಡಿ.