ಪ್ರತಿಕ್ರಿಯೆ: ಬಳ್ಳಾರಿಯಲ್ಲಿ ಸೆಕೆಂಡ್ ಹ್ಯಾಂಡ್ ಆಕ್ಟೇವಿಯಾ 1.8, ರೀಮ್ಯಾಪ್ ಮಾಡಿಸಬಹುದಾ?

ಸರ್, 70 ಸಾವಿರ ಕಿ.ಮೀ. ಓಡಿದ 2018ರ ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ (ಟರ್ಬೊ ಪೆಟ್ರೋಲ್) ತಗೊಂಡು ಸ್ಟೇಜ್ 1 ರೀಮ್ಯಾಪ್, ಅಂದ್ರೆ ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸೋ ಮೊದಲ ಹಂತ, ಹಾಕಿಸಬಹುದಾ ಅಂದಿದ್ದೀರಿ. ಗಾಡಿ ತಗೊಳ್ಳಿ, ರೀಮ್ಯಾಪ್ ಬೇಡ.

ಇಂಜಿನ್ ತಡೀತದೆ, ಗೇರ್‌ಬಾಕ್ಸ್ ತಡೆಯಲ್ಲ. ಅದರಲ್ಲಿರೋದು 7 ಗೇರಿನ ಡ್ರೈ ಕ್ಲಚ್ (ಆಯಿಲ್‌ನಲ್ಲಿ ಮುಳುಗಿರದ ಕ್ಲಚ್) ಡಿಎಸ್‌ಜಿ, ಅಂದ್ರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್; ಮಾಡೆಲ್ ಹೆಸರು ಡಿಕ್ಯೂ200. ಅದು ತಡೆಯೋ ಟಾರ್ಕ್ (ತಿರುಗಿಸೋ ಬಲ) ಮಿತಿ 250 ಎನ್‌ಎಂ. ಇಂಜಿನ್ ಕಂಪನಿಯಿಂದಲೇ ಅಷ್ಟೂ ಕೊಡ್ತದೆ. ಮೇಲೆ ಇನ್ನೂ ಟಾರ್ಕ್ ಏರಿಸಿದ್ರೆ ಕ್ಲಚ್ ಜಾರಿ ಸವೀತದೆ. ನಮ್ಮ ಬೇಸಿಗೆಯಲ್ಲಿ, ಅದೂ ತೋರಣಗಲ್ಲು ಕಡೆ ಲಾರಿ ಸಾಲಿನ ಹಿಂದೆ ತೆವಳುವಾಗ, ಕ್ಲಚ್ ಮೊದಲೇ ಕಾದಿರ್ತದೆ. ಸ್ಪೀಡೇ ಮುಖ್ಯ ಅಂದ್ರೆ ಆಕ್ಟೇವಿಯಾದ್ದೇ ಸ್ಪೋರ್ಟಿ ಮಾಡೆಲ್ 2017ರ ವಿಆರ್‌ಎಸ್ ಹುಡುಕಿ: 230 ಪಿಎಸ್ ಪವರ್, 6 ಗೇರಿನ ವೆಟ್ ಕ್ಲಚ್ (ಆಯಿಲ್‌ನಲ್ಲಿ ಮುಳುಗಿರೋ ಕ್ಲಚ್). ಪ್ರತಿ 60 ಸಾವಿರ ಕಿ.ಮೀ.ಗೆ ಅದರ ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಬಿಲ್ ಕೇಳಿ.

1.8 ನೋಡೋಕೆ ಹೋದಾಗ ಇಂಜಿನ್ ಪೂರ್ತಿ ಕಾದ ಮೇಲೆ ಓಡಿಸಿ. ಆಕ್ಸಿಲರೇಟರ್ ಒತ್ತದೆ 1-2-1 ಗೇರಲ್ಲಿ ತೆವಳಿಸಿ, ಏರಲ್ಲಿ ರಿವರ್ಸ್ ಹಾಕಿ. ನಡುಗಿದ್ರೆ ಕ್ಲಚ್ ಪ್ಯಾಕ್ ಖರ್ಚು ಬೆಲೆಯಲ್ಲಿ ಮುರೀರಿ. ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಟಾರ್ಚ್ ಬಿಡಿ. ಕೂಲೆಂಟ್ ಒಣಗಿದ ಗುಲಾಬಿ ಕಲೆ ಕಂಡ್ರೆ ವಾಟರ್ ಪಂಪ್-ಥರ್ಮೋಸ್ಟಾಟ್‌ನ ಪ್ಲಾಸ್ಟಿಕ್ ಹೌಸಿಂಗ್ ಸೋರ್ತಿದೆ. ಗಾಡಿಯ ಕಂಪ್ಯೂಟರಿಗೆ ದೋಷ ಓದೋ ಸ್ಕ್ಯಾನರ್ ಹಾಕಿಸದೆ ಮುಂಗಡ ಕೊಡಬೇಡಿ.

ದುಡ್ಡು ಉಳಿದ್ರೆ ಒಳ್ಳೆ ಟೈರು, ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಆಯಿಲ್. ಓಪನ್ ಏರ್ ಫಿಲ್ಟರ್ ಬರೀ ಸದ್ದಿಗೆ. ಬಾನೆಟ್ ಒಳಗಿನ ಬಿಸಿಗಾಳಿ ಎಳೀತದೆ. ಅದಿರಿನ ಕೆಂಪು ಧೂಳಲ್ಲಿ ಕಂಪನಿಯ ಪೇಪರ್ ಫಿಲ್ಟರೇ ವಾಸಿ, ಬೇಗ ಬೇಗ ಬದಲಿಸಿ. ಗಾಡಿ ತಗ್ಗಿಸೋ ಲೋವರಿಂಗ್ ಸ್ಪ್ರಿಂಗ್ ಮಾತ್ರ ಬೇಡವೇ ಬೇಡ, ನಮ್ಮ ಹಂಪುಗಳಿಗೆ ಇಂಜಿನ್ ತಳದ ಆಯಿಲ್ ಸಂಪ್ ಒಡೀತದೆ.

ಬೇರೆ ಜಿಲ್ಲೆ ಗಾಡಿಯಾದ್ರೆ ಆರ್‌ಸಿಯಲ್ಲಿ ಸಾಲದ ನಮೂದು ತೆಗೆಸಿದ್ದಾರಾ ನೋಡ್ಕೊಳ್ಳಿ.